ಏಟು ಉಳಿಯಿತು, ಗುರಿ ಎಲ್ಲಿ ಹೋಯಿತು?



ಪೀಣ್ಯ ಎರಡನೇ ಹಂತದಲ್ಲಿರುವ ನನ್ನ ಪ್ರೆಸ್ಸಿನ ಎದುರಿಗೆ ಒಂದು ಟೀ ಅಂಗಡಿ. ಶಿಫ್ಟು ಬಿಡುವ ಹೊತ್ತಿಗೆ ಅಲ್ಲಿ ಮೂವತ್ತು ನಲವತ್ತು ಹುಡುಗರು ಸೇರುತ್ತಾರೆ. ಮೊನ್ನೆ ಅಲ್ಲೊಂದು ಜಗಳ. ‘ಅಂತ’ ಚಿತ್ರವನ್ನು ಈಗ ಮತ್ತೆ ತೆಗೆದರೆ ಕನ್ವರ್‌ಲಾಲ್ ಯಾರಾಗಬೇಕು? ಒಬ್ಬ ಒಂದು ಹೆಸರು ಹೇಳಿದ, ಇನ್ನೊಬ್ಬ ಇನ್ನೊಂದು. ಟೀ ಆರಿತು, ಜಗಳ ಆರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ಸಾರ್, ನೀವು ಹಳೇ ಕಾಲದೋರು, ನೀವೇ ಹೇಳಿ” ಅಂದರು. ನನಗಿನ್ನೂ ನಲವತ್ತಾರು ಸ್ವಾಮಿ! ಹಳೇ ಕಾಲದವನಂತೆ! ಇರಲಿ. ಅವತ್ತು ನಕ್ಕು ಸುಮ್ಮನಾದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಹೀರೋ ಯಾರು ಎಂದು ಎಲ್ಲರೂ ಕೇಳಿದಿರಿ. ವಿಲನ್ ಯಾರು ಎಂದು ಒಬ್ಬನಾದರೂ ಕೇಳಿದನೇ?

ನನ್ನ ಕಸುಬಿನಿಂದ ಒಂದು ಮಾತು ಹೇಳುತ್ತೇನೆ. ಕೆಲವು ಗಿರಾಕಿಗಳು ಇಪ್ಪತ್ತು ವರ್ಷದ ಹಿಂದಿನ ಬಿಲ್ ಬುಕ್ ಹಿಡಿದುಕೊಂಡು ಬರುತ್ತಾರೆ. “ನಮ್ಮಪ್ಪನ ಕಾಲದ್ದು, ಇದರಂಗೇ ಹೊಡ್ಕೊಡಿ” ಅನ್ನುತ್ತಾರೆ. ನೋಡಿದರೆ ಅದರಲ್ಲಿ ಹಳೇ ಫೋನ್ ನಂಬರು, ಹಳೇ ಸೇಲ್ಸ್ ಟ್ಯಾಕ್ಸ್ ನಂಬರು, ಬಿಟ್ಟುಹೋದ ಶೆಡ್ಡಿನ ವಿಳಾಸ. ಅದರಂತೆಯೇ ಅಚ್ಚು ಹಾಕಿಕೊಟ್ಟರೆ ನನಗೇನು ನಷ್ಟ? ದುಡ್ಡು ಬರುತ್ತದೆ. ಆದರೆ ಆ ಬಿಲ್ಲು ನಡೆಯುವುದಿಲ್ಲ. 2017ರ ಜುಲೈಯಿಂದ ಜಿಎಸ್‌ಟಿ ಬಂದಿದೆ, ನಂಬರು ಬದಲಾಗಿದೆ. ಅಕ್ಷರದ ಚೆಂದ ಹಳೆಯದೇ ಇರಲಿ, ಗಣಪತಿ ಬ್ಲಾಕೂ ಅದೇ ಇರಲಿ, ವಿಳಾಸ ಮಾತ್ರ ಇವತ್ತಿನದಾಗಬೇಕು. ರೀಮೇಕ್ ಬಗ್ಗೆ ನನಗೆ ಗೊತ್ತಿರುವುದೂ ಇಷ್ಟೇ.

‘ಅಂತ’ ಬಂದದ್ದು 1981ರಲ್ಲಿ. ನಿರ್ದೇಶನ ರಾಜೇಂದ್ರಸಿಂಗ್ ಬಾಬು ಅವರದು. ಕಥೆ ಮದ್ರಾಸಿನಿಂದ ತಂದದ್ದಲ್ಲ, ಬೊಂಬಾಯಿಯಿಂದ ಕದ್ದದ್ದಲ್ಲ. ಎಚ್.ಕೆ. ಅನಂತರಾವ್ ‘ಸುಧಾ’ ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದ ಕಾದಂಬರಿ ಅದು. ಕನ್ನಡದ ಅಚ್ಚಿನ ಪುಟದಿಂದ ಎದ್ದು ಬಂದ ಸಿಟ್ಟು! ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ತನ್ನನ್ನೇ ಹೋಲುವ ಪಾತಕಿ ಕನ್ವರ್‌ಲಾಲನ ವೇಷದಲ್ಲಿ ಗ್ಯಾಂಗಿನೊಳಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಕಾಣುವುದು ಬರೀ ರೌಡಿಗಳಲ್ಲ, ಆ ರೌಡಿಗಳ ಬೆನ್ನಿಗೆ ನಿಂತ ದೊಡ್ಡ ಮನುಷ್ಯರು. ನಾನು ಅದನ್ನು ನೋಡಿದ್ದು ನೆಲಮಂಗಲದ ಕಡೆಯ ನಮ್ಮೂರ ಟೆಂಟಿನಲ್ಲಿ, ಹತ್ತು ವರ್ಷದವನಿದ್ದಾಗ, ನೆಲದ ಮೇಲೆ ಕೂತು. ಚಿತ್ರಹಿಂಸೆಯ ದೃಶ್ಯ ಬಂದಾಗ ನಮ್ಮಪ್ಪ ನನ್ನ ಕಣ್ಣಿಗೆ ಕೈ ಅಡ್ಡ ಇಟ್ಟರು. ಅವರು ಕಂಪೋಸಿಟರ್, ದಿನವಿಡೀ ಅಚ್ಚುಮೊಳೆ ಜೋಡಿಸಿದ ಬೆರಳುಗಳಿಗೆ ಸೀಸದ ವಾಸನೆ. ಆ ಬೆರಳ ಸಂದಿಯಲ್ಲಿ ಎಲ್ಲವನ್ನೂ ನೋಡಿದೆ.

ಆಮೇಲೆ 1983ರಲ್ಲಿ ‘ಚಕ್ರವ್ಯೂಹ’. ವಿ. ಸೋಮಶೇಖರ್ ನಿರ್ದೇಶನ, ಮತ್ತೆ ಅಂಬರೀಷ್. ಅದರ ಕೊನೆ ನಿಮಗೆ ಗೊತ್ತಿಲ್ಲದಿದ್ದರೆ ಮನೆಯಲ್ಲಿ ದೊಡ್ಡವರನ್ನು ಕೇಳಿ. ದುಷ್ಟರೇ ಸೇರಿಕೊಂಡು ಪ್ರಾಮಾಣಿಕನೊಬ್ಬನನ್ನು ಮುಖ್ಯಮಂತ್ರಿ ಮಾಡುತ್ತಾರೆ, ಅವನು ಸಂಪುಟ ಸಭೆಯಲ್ಲೇ ತನ್ನ ಮಂತ್ರಿಗಳನ್ನು ಗುಂಡಿಟ್ಟು ಮುಗಿಸುತ್ತಾನೆ. ಸರಿಯೋ ತಪ್ಪೋ, ಎಷ್ಟು ಎತ್ತರಕ್ಕೆ ಗುರಿ ಇಟ್ಟಿದ್ದರು ನೋಡಿ! ಗೋಕಾಕ್ ವರದಿಗಾಗಿ ರಾಜ್‌ಕುಮಾರ್ ಬೀದಿಗಿಳಿದದ್ದು ಈ ಎರಡು ಚಿತ್ರಗಳ ನಡುವೆ, 1982ರಲ್ಲಿ. ಕನ್ನಡಿಗ ಕತ್ತೆತ್ತಿ ವಿಧಾನಸೌಧದ ಕಡೆ ಬೆರಳು ತೋರಿಸುತ್ತಿದ್ದ ಕಾಲ.

ಆಗ ರೀಮೇಕ್ ಮಾಡಿದವರು ಯಾರು ಗೊತ್ತೇ? ಹಿಂದಿಯವರು! ‘ಅಂತ’ವನ್ನು ಅದೇ ಬಾಬು ಅವರ ಕೈಯಲ್ಲೇ ಜೀತೇಂದ್ರನನ್ನು ಹಾಕಿಕೊಂಡು ‘ಮೇರಿ ಆವಾಜ್ ಸುನೋ’ ಎಂದು ತೆಗೆಸಿದರು. ‘ಚಕ್ರವ್ಯೂಹ’ 1984ರಲ್ಲಿ ‘ಇಂಕ್ವಿಲಾಬ್’ ಆಯಿತು. ಹೀರೋ ಅಮಿತಾಭ್ ಬಚ್ಚನ್, ನಿರ್ಮಾಪಕರು ನಮ್ಮ ಎನ್. ವೀರಸ್ವಾಮಿ. ಅಂಬರೀಷ್ ಹಾಕಿದ ಅಂಗಿಯನ್ನು ಬಚ್ಚನ್ ಹಾಕಿಕೊಂಡ ಎಂದು ನಮ್ಮಪ್ಪ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು.

ಆ ಅಂಬರೀಷ್ ಮುಂದೆ ತಾವೇ ಕೇಂದ್ರದಲ್ಲಿ ಮಂತ್ರಿಯಾದರು, 2013ರಿಂದ 2016ರವರೆಗೆ ಇಲ್ಲಿ ವಸತಿ ಸಚಿವರಾದರು. ಇದನ್ನು ಅಣಕಕ್ಕೆ ಹೇಳುತ್ತಿಲ್ಲ. 2007ರ ಕಾವೇರಿ ತೀರ್ಪು ಬಂದಾಗ ಕೇಂದ್ರದ ಕುರ್ಚಿಗೆ ರಾಜೀನಾಮೆ ಬರೆದವರೂ ಅವರೇ. 2018ರ ನವೆಂಬರಿನಲ್ಲಿ ನಮ್ಮ ಪೀಣ್ಯದಿಂದ ಕೂಗಳತೆಯ ಕಂಠೀರವ ಸ್ಟುಡಿಯೋದಲ್ಲಿ ಅವರ ಚಿತೆ ಉರಿದ ದಿನ ನಾನು ಶಟರ್ ಎಳೆದು ಹೋಗಿದ್ದೆ. ಹೇಳುವುದಿಷ್ಟೇ: ತೆರೆಯ ಮೇಲೆ ಮಂತ್ರಿಗಳನ್ನು ಕೊಲ್ಲುವುದು ಸುಲಭ. ಆ ಕುರ್ಚಿಯಲ್ಲಿ ಕೂತಾಗ ವಿಲನ್ ಯಾವ ಫೈಲಿನಲ್ಲಿದ್ದಾನೆ ಎಂದು ಹುಡುಕುವುದು ಕಷ್ಟ.

ನಾವೇನು ಬೇರೆಯವರದನ್ನು ಮುಟ್ಟದ ಮಡಿವಂತರಲ್ಲ. ಶಂಕರ್‌ನಾಗ್ ಅವರ ‘ನ್ಯಾಯ ಎಲ್ಲಿದೆ’ (1982) ತಮಿಳಿನ ‘ಸಟ್ಟಂ ಒರು ಇರುಟ್ಟರೈ’. ವಿಷ್ಣುವರ್ಧನ್ ಅವರ ‘ವಿಷ್ಣು ಸೇನಾ’ (2005) ತಮಿಳಿನ ‘ರಮಣ’. ಎರಡಕ್ಕೂ ಶಿಳ್ಳೆ ಹೊಡೆದಿದ್ದೇನೆ. ಲಂಚಕೋರನಿಗೆ ಭಾಷೆ ಎಲ್ಲಿದೆ? ಅಲ್ಲಿಯ ಲಂಚಕ್ಕೂ ಇಲ್ಲಿಯ ಲಂಚಕ್ಕೂ ಒಂದೇ ರೇಟು. 2011ರ ‘ಕೆಂಪೇಗೌಡ’ ನೋಡಿ ಮಾತ್ರ ಹೊಟ್ಟೆ ಉರಿಯಿತು. ಸುದೀಪ್ ಚೆನ್ನಾಗಿಯೇ ಮಾಡಿದರು, ಆ ಮಾತು ಬೇರೆ. ಈ ಊರು ಕಟ್ಟಿದವರ ಹೆಸರು ಬೋರ್ಡಿನ ಮೇಲೆ, ಒಳಗೆ ತಮಿಳಿನ ‘ಸಿಂಗಂ’! ಕೆರೆ ಕಟ್ಟಿಸಿದ ಕೆಂಪೇಗೌಡರ ಹೆಸರಿನ ಪೊಲೀಸನಿಗೆ ಈ ಊರಿನ ಒಬ್ಬ ಕೆರೆಗಳ್ಳನಾದರೂ ವಿಲನ್ ಆಗಿ ಸಿಗಬಾರದಿತ್ತೇ?

ಒಂದು ಕಾಲದಲ್ಲಿ ಈ ವ್ಯಾಪಾರಕ್ಕೆ ಕಾರಣವಿತ್ತು. ಡಬ್ಬಿಂಗ್ ಇಲ್ಲಿಗೆ ಬರುತ್ತಿರಲಿಲ್ಲ, ಆದ್ದರಿಂದ ಗಾಂಧಿನಗರದವರು ಪಕ್ಕದ ರಾಜ್ಯದಲ್ಲಿ ಓಡಿದ್ದನ್ನು ತಂದು ಕನ್ನಡದಲ್ಲಿ ತೆಗೆದು ಮಾರುತ್ತಿದ್ದರು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಕನ್ನಡದಲ್ಲಿ ಮಾತಾಡಿಕೊಂಡು ಬಂತು. ಈಗ ಮೂಲ ಚಿತ್ರ ನಿಮ್ಮ ಮೊಬೈಲಿನಲ್ಲೇ ಇದೆ. ಅದರ ಜೆರಾಕ್ಸಿಗೆ ಇನ್ನೂರು ರೂಪಾಯಿ ಕೊಟ್ಟು ಯಾರು ಕೂರುತ್ತಾರೆ?

ಈಗ ಎರಡನೇ ‘ಚಕ್ರವ್ಯೂಹ’ಕ್ಕೆ ಬರೋಣ. 2016ರ ಏಪ್ರಿಲ್ ಕೊನೆಯಲ್ಲಿ ಪುನೀತ್ ಅವರ ಚಿತ್ರ ಅದೇ ಹೆಸರಿನಲ್ಲಿ ಬಂತು. ಕಾನೂನು ಕೈಗೆತ್ತಿಕೊಳ್ಳುವ ಹುಡುಗನ ಕಥೆಯೇ. ಆದರೆ 1983ರದಲ್ಲ, ತಮಿಳಿನ ‘ಇವನ್ ವೇರಮಾದಿರಿ’. ಹಿಂದಿಯವರು ನಮ್ಮಿಂದ ಕೊಂಡುಹೋದ ಕಥೆಯ ಹೆಸರನ್ನು ನಾವು ತಮಿಳು ಕಥೆಗೆ ಅಂಟಿಸಿದೆವು! ಅಪ್ಪು ಮೇಲಿನ ಪ್ರೀತಿಗೆ ಇದರಿಂದ ಕುಂದಿಲ್ಲ. ನನ್ನ ಸಿಟ್ಟು ಬೇರೆ. ಅದೇ ಏಪ್ರಿಲ್‌ನಲ್ಲಿ, ಇದೇ ಊರಿನ ರಸ್ತೆಗಳಲ್ಲಿ, ಏನು ನಡೆದಿತ್ತು ನೆನಪಿದೆಯೇ? ನಿಮ್ಮಲ್ಲಿ ಕೆಲವರು ಆಗ ಹೈಸ್ಕೂಲಿನಲ್ಲಿದ್ದಿರಿ. ನಿಮ್ಮ ಅಮ್ಮಂದಿರೇ ಅಲ್ಲಿದ್ದಿರಬಹುದು.

ಪಿಎಫ್‌ನಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳು 58ರ ತನಕ ಮೆಷಿನ್ ಮುಂದೆ ಕೂರುತ್ತಾಳೆಯೇ? ಬೆನ್ನು ಹೋಗುತ್ತದೆ, ಕಣ್ಣು ಹೋಗುತ್ತದೆ, ನಲವತ್ತಕ್ಕೆಲ್ಲ ಕೆಲಸ ಬಿಡುತ್ತಾಳೆ. ಮಗಳ ಮದುವೆಗೋ ಊರಿನ ಸಾಲಕ್ಕೋ ಇರುವುದು ಆ ದುಡ್ಡೊಂದೇ. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಡೆ ಹೆಣ್ಣುಮಕ್ಕಳು ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಯಲ್ಲಿ ಕೂತರು. ಮರುದಿನ ಎಲೆಕ್ಟ್ರಾನಿಕ್ ಸಿಟಿಯ ಆಚೆ ಹೆಬ್ಬಗೋಡಿ, ಇತ್ತ ನಮ್ಮ ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ನಾನು ಪೇಪರ್ ರೀಮು ತರಲು ಹೊರಟವನು ಗಾಡಿ ಆಫ್ ಮಾಡಿ ಮೂರು ಗಂಟೆ ಅಲ್ಲೇ ನಿಂತೆ. ಕಣ್ಣು ಹಾಯುವ ತನಕ ಹೆಣ್ಣುಮಕ್ಕಳು. ನಾನು ಪ್ರೆಸ್ಸಿನವನು, ಯಾವ ಹೋರಾಟ ಕಂಡರೂ ಮೊದಲು ಕರಪತ್ರ ಯಾರು ಅಚ್ಚು ಹಾಕಿದರು ಎಂದು ನೋಡುವವನು. ಅವತ್ತು ಒಬ್ಬರ ಕೈಯಲ್ಲೂ ಕರಪತ್ರ ಕಾಣಲಿಲ್ಲ. ಬ್ಯಾನರಿಲ್ಲ, ಮೈಕಿಲ್ಲ, ಲೀಡರಿಲ್ಲ. ಬಸ್ಸಿಗೆ ಬೆಂಕಿ ಬಿದ್ದದ್ದು, ಹೆಬ್ಬಗೋಡಿ ಠಾಣೆಯಲ್ಲಿ ವಾಹನ ಸುಟ್ಟದ್ದು ಸರಿ ಎಂದು ನಾನು ಹೇಳುವುದಿಲ್ಲ. ಲಾಠಿಯೂ ಬಿತ್ತು. ಆದರೆ 19ರ ಸಂಜೆಗೆ ದೆಹಲಿ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಎರಡೇ ದಿನ!

ಹತ್ತು ದಿನದ ಮೇಲೆ ಅದೇ ಊರಿನ ಥಿಯೇಟರುಗಳಲ್ಲಿ ತಮಿಳುನಾಡಿನಿಂದ ತಂದ ಸಿಟ್ಟು ರಿಲೀಸಾಯಿತು. ನಮ್ಮ ರಸ್ತೆಯಲ್ಲೇ ಬಿದ್ದಿದ್ದ ಸಿಟ್ಟನ್ನು ಯಾರೂ ಎತ್ತಿಕೊಳ್ಳಲಿಲ್ಲ. ಆ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ನಾಯಕಿ ಮಾಡಿದ ಫೈಟಿಂಗ್ ಸಿನಿಮಾ ಇವತ್ತಿನ ತನಕ ನಾನು ನೋಡಿಲ್ಲ.

ಗುರಿ ತಪ್ಪಿದ ಸಿಟ್ಟು ಏನು ಮಾಡುತ್ತದೆ ಎಂಬುದನ್ನೂ ಹೇಳಬೇಕು. ಇದು ನನ್ನದೇ ನಾಚಿಕೆಯ ಕಥೆ.

ಎರಡು ವರ್ಷದ ಹಿಂದೆ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಗಲಾಟೆ. ಪಕ್ಕದ ಯೂನಿಟ್ಟಿನ ಹುಡುಗನೊಬ್ಬನ ಫೋನು ಕಾಣೆಯಾಗಿತ್ತು. ಒಡಿಶಾದ ಹುಡುಗ ಒಬ್ಬನನ್ನು, ಹತ್ತೊಂಬತ್ತು ಇಪ್ಪತ್ತಿರಬಹುದು, ಗೋಡೆಗೆ ಒತ್ತಿ ಹಿಡಿದು ಏಳೆಂಟು ಜನ ಹೊಡೆಯುತ್ತಿದ್ದರು. ನನ್ನ ಬೈಂಡಿಂಗ್ ಹುಡುಗನೂ ಅಂಟು ಮೆತ್ತಿದ ಕೈಯಲ್ಲೇ ಓಡಿಹೋಗಿ ಎರಡು ಬಿಟ್ಟ. ನಾನು ಟೀ ಲೋಟ ಹಿಡಿದುಕೊಂಡು ನಿಂತಿದ್ದೆ. ಎರಡು ನಿಮಿಷ ನಿಂತಿದ್ದೆ. ಆಮೇಲೆ ಕೂಗಿ ಬಿಡಿಸಿದೆ ಅನ್ನುವುದು ನಿಜ, ಆದರೆ ಆ ಎರಡು ನಿಮಿಷವೂ ನಿಜ. “ಸ್ಟೇಷನ್ನಿಗೆ ಕರ್ಕೊಂಡು ಹೋಗ್ರೋ” ಅಂದರೆ ನನ್ನ ಹುಡುಗ ಏನಂದ ಗೊತ್ತೇ? “ಪೊಲೀಸ್ರು ಬಿಟ್ಬಿಡ್ತಾರಣ್ಣ, ನಾವೇ ತೀರ್ಮಾನ ಮಾಡ್ಬೇಕು.” ಪಕ್ಕಾ ಸಿನಿಮಾ ಡೈಲಾಗು. ಅರ್ಧ ಗಂಟೆಯಲ್ಲಿ ಫೋನು ಸಿಕ್ಕಿತು, ಕಳೆದುಕೊಂಡವನ ಊಟದ ಬ್ಯಾಗಿನಲ್ಲೇ.

ಇನ್ನೂ ಕೇಳಿ. ಹೊಡೆದ ನಮ್ಮ ಹುಡುಗರಿಗೂ, ಹೊಡೆಸಿಕೊಂಡ ಆ ಹುಡುಗನಿಗೂ ಲೇಬರ್ ಕಂಟ್ರಾಕ್ಟರ್ ಒಬ್ಬನೇ. ಇಬ್ಬರಿಗೂ ಎರಡು ತಿಂಗಳ ಸಂಬಳ ಬಾಕಿ. ಕಾಯಂ ಕೆಲಸ ಕನ್ನಡಿಗನಿಗೂ ಇಲ್ಲ, ಅವನಿಗೂ ಇಲ್ಲ. ಆ ಕಂಟ್ರಾಕ್ಟರನ ಕಾರು ಅವತ್ತು ಸಂಜೆ ಅದೇ ಓಣಿಯಲ್ಲಿ ಬಂತು. ಹುಡುಗರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬ ನಮಸ್ಕಾರವನ್ನೂ ಹೊಡೆದ!

ನಮ್ಮ ಓಣಿಯಲ್ಲಿ ಹಲ್ಲು ಅಲುಗಾಡಿದ್ದಕ್ಕೆ ಮುಗಿಯಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯ ಕಡೆ ಮಕ್ಕಳ ಕಳ್ಳ ಎಂಬ ವಾಟ್ಸಾಪ್ ಪುಕಾರಿಗೆ ರಾಜಸ್ಥಾನದ ಒಬ್ಬ ಯುವಕನನ್ನು ಜನ ಸೇರಿ ಹೊಡೆದು ಕೊಂದೇಬಿಟ್ಟರು. ಹೊಡೆದ ಒಬ್ಬೊಬ್ಬನೂ ತನ್ನನ್ನು ಹೀರೋ ಎಂದೇ ಅಂದುಕೊಂಡಿದ್ದಿರಬೇಕು.

ಅಮೆರಿಕದಲ್ಲೂ ಇಂಥದ್ದೊಂದು ಚಿತ್ರವಿದೆ, ‘ಡೆತ್ ವಿಶ್’. 1974ರದ್ದು, ಚಾರ್ಲ್ಸ್ ಬ್ರಾನ್ಸನ್ ಹೀರೋ. ಹೆಂಡತಿಯನ್ನು ಕೊಂದವರು ಸಿಗದೆ, ಅವನು ನ್ಯೂಯಾರ್ಕಿನ ಬೀದಿಯಲ್ಲಿ ಸಿಕ್ಕ ದರೋಡೆಕೋರರಿಗೆಲ್ಲ ಗುಂಡು ಹೊಡೆಯುತ್ತಾ ಹೋಗುತ್ತಾನೆ. ಕಾದಂಬರಿ ಬರೆದ ಬ್ರಯನ್ ಗಾರ್‌ಫೀಲ್ಡ್‌ಗೇ ಆ ಸಿನಿಮಾ ಹಿಡಿಸಲಿಲ್ಲ. 2018ರಲ್ಲಿ ಬ್ರೂಸ್ ವಿಲ್ಲಿಸ್‌ನನ್ನು ಹಾಕಿ ಮತ್ತೆ ತೆಗೆದರು, ಊರು ಶಿಕಾಗೋ ಆಯಿತು, ಹೀರೋ ಡಾಕ್ಟರಾದ. ಫ್ಲಾರಿಡಾದ ಒಂದು ಶಾಲೆಯಲ್ಲಿ ಮಕ್ಕಳು ಗುಂಡೇಟಿಗೆ ಸತ್ತ ಕೆಲವೇ ವಾರದಲ್ಲಿ ಅದು ತೆರೆಗೆ ಬಂತು, ಜನ ಛೀಮಾರಿ ಹಾಕಿದರು. ನಾನು ಎರಡನ್ನೂ ನೋಡಿದೆ. ಎರಡರಲ್ಲೂ ಕೋವಿ ಬೀದಿಯ ಕಡೆಗೆ. ನಮ್ಮ ‘ಚಕ್ರವ್ಯೂಹ’ದ ಕೋವಿ ಸಂಪುಟದ ಕಡೆಗೆ. ಈ ವ್ಯತ್ಯಾಸ ನಮ್ಮವರಿಗೇ ಮರೆತುಹೋಗಿದೆ. ಬರಬರುತ್ತಾ ನಮ್ಮ ಫೈಟುಗಳಲ್ಲಿ ಹೀರೋ ಹೊಡೆಯುವುದು ಯಾರನ್ನು? ದಿನಗೂಲಿಗೆ ಬಂದ ನಲವತ್ತು ಜನ ರೌಡಿಗಳನ್ನು! ಅವರನ್ನು ಕಳಿಸಿದವನು ಕೊನೆಯ ಹತ್ತು ನಿಮಿಷಕ್ಕೆ ಬಿಳಿ ಅಂಗಿಯಲ್ಲಿ ಬಂದು ಹೋಗುತ್ತಾನೆ.

ಹಾಗಾದರೆ ‘ಅಂತ’ ಮತ್ತೆ ತೆಗೆಯಬೇಕೇ? ಅದೇ ಕನ್ವರ್‌ಲಾಲ್, ಅದೇ ಸ್ಮಗ್ಲರು, ಅದೇ ಡೈಲಾಗು ಎಂದಾದರೆ ಬೇಡ. ಹಳೆಯ ಪ್ರಿಂಟನ್ನೇ ತೊಳೆದು ಚೊಕ್ಕ ಮಾಡಿ ತೆರೆಗೆ ಬಿಡಿ, ‘ಓಂ’ ಚಿತ್ರವನ್ನು ಎಷ್ಟು ಸಲ ಬಿಟ್ಟರೂ ಜನ ಬಂದರಲ್ಲ! ತೆಗೆಯಲೇಬೇಕೆಂದರೆ ಸುಶೀಲ್ ಕುಮಾರ್ ಇವತ್ತು ವೇಷ ಹಾಕಿಕೊಂಡು ಎಲ್ಲಿಗೆ ನುಗ್ಗಬೇಕು ಎಂದು ಮೊದಲು ತೀರ್ಮಾನಿಸಿ. ಸಂಬಳದಲ್ಲಿ ಪಿಎಫ್ ಹಿಡಿದು ಕಟ್ಟದೇ ನುಂಗುವ ಕಂಟ್ರಾಕ್ಟರನ ಆಫೀಸಿಗೋ? ಕೆಲಸ ಕೊಡಿಸುತ್ತೇನೆಂದು ಡಿಪ್ಲೊಮಾ ಹುಡುಗರ ದುಡ್ಡು ತಿನ್ನುವ ಏಜೆನ್ಸಿಗೋ? 2024ರ ಜುಲೈನಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮದವರು ಬೊಬ್ಬೆ ಹೊಡೆದ ಕೂಡಲೇ ತಡೆಹಿಡಿಯಿತು. ಆ ಎರಡು ದಿನದಲ್ಲಿ ಯಾರ ಫೋನು ಯಾರಿಗೆ ಹೋಯಿತು ಎಂಬುದೇ ಒಂದು ಥ್ರಿಲ್ಲರ್ ಅಲ್ಲವೇ? 2022ರ ‘ಕಾಂತಾರ’ ಕುಂದಾಪುರದ ಕಾಡಂಚಿನ ಜಮೀನಿನ ಜಗಳ ಹಿಡಿದುಕೊಂಡು ದೇಶವೆಲ್ಲ ಓಡಿತು. ಪೀಣ್ಯದ ಜಗಳಕ್ಕೆ ಏನು ಕಡಿಮೆ?

ನನ್ನ ಬೈಂಡಿಂಗ್ ಹುಡುಗ ಈಗಲೂ ನನ್ನ ಹತ್ತಿರವೇ ಇದ್ದಾನೆ. ಆ ಒಡಿಶಾದ ಹುಡುಗ ಮಾರನೇ ವಾರವೇ ಊರು ಬಿಟ್ಟ, ಬಾಕಿ ಸಂಬಳ ಕೊಟ್ಟರೋ ಇಲ್ಲವೋ ತಿಳಿಯದು. ಇವನು ಮೊನ್ನೆ ನಂಬರಿಂಗ್ ಮೆಷಿನ್ ಒತ್ತುತ್ತಾ ಕೂತವನು ಸುಮ್ಮನೆ ಕೇಳಿದ: “ಅಣ್ಣ, ಆ ಕಥೇಲಿ ನಾನು ವಿಲನ್ನಾ?” ನಾನು ಪೇಪರ್ ಕಟ್ಟು ಎಣಿಸುತ್ತಿದ್ದೆ, ಲೆಕ್ಕ ತಪ್ಪಿತು. “ಕಂಟ್ರಾಕ್ಟರ್ ಬಂದಾಗ ನೀನು ಎಲ್ಲಿ ನಿಂತಿದ್ದೆ ಅದನ್ನ ಬರಿ, ಆಮೇಲೆ ನೋಡಾಣ” ಅಂದೆ. ಬರೆಯುತ್ತೇನೆ ಅಂದಿದ್ದಾನೆ. ನಿಮ್ಮಲ್ಲೂ ಯಾರಾದರೂ ಇಂಥ ಕಥೆ ಬರೆದರೆ ತನ್ನಿ. ಪೇಪರಿನ ದುಡ್ಡು ಕೊಡಿ ಸಾಕು, ಹತ್ತು ಪ್ರತಿ ಅಚ್ಚು ಹಾಕಿ, ಹೊಲಿಗೆ ಹಾಕಿ ಕೊಡುತ್ತೇನೆ. ಗಾಂಧಿನಗರದಲ್ಲಿ ಯಾವ ನಿರ್ಮಾಪಕರ ಬಾಗಿಲು ತಟ್ಟಬೇಕೋ ತಟ್ಟಿ. ಅಂದಹಾಗೆ ನಮ್ಮ ಪ್ರೆಸ್ಸಿನಲ್ಲಿ ಜೆರಾಕ್ಸ್ ಮೆಷಿನ್ ಇಲ್ಲ.