ಮಕರಪುರದ ಮಾತು ಪ್ಯಾರಿಸ್ ಮುಟ್ಟಬೇಕಾದರೆ

ಏಪ್ರಿಲ್ ಬಂತೆಂದರೆ ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಟಿ.ಸಿ. ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟ ಸುದ್ದಿ ಶುರು. ಯಾಕೆ ಸುಟ್ಟಿತು ಎಂದು ಕೇಳಿದರೆ ಲೈನ್‌ಮನ್ ನಾಲ್ಕು ಕಾರಣ ಕೊಡುತ್ತಾನೆ: ತಾಳಿಕೆಗಿಂತ ಹೆಚ್ಚು ಪಂಪ್‌ಸೆಟ್, ಇಳಿದುಹೋದ ಆಯಿಲ್, ಒಂದೇ ಫೇಸಿನ ಮೇಲೆ ಬಿದ್ದ ಲೋಡು, ಸಾಲದ್ದಕ್ಕೆ ಈ ಬಿಸಿಲು. ಮೊದಲ ಮೂರಕ್ಕೆ ಯಾರನ್ನಾದರೂ ಬಯ್ಯಬಹುದು. ಬಿಸಿಲನ್ನು ಮಾತ್ರ ಹಣೆಬರಹ ಎಂದು ಬಿಟ್ಟುಬಿಡುತ್ತೇವೆ. ಆದರೆ ಟ್ರಾನ್ಸ್‌ಫಾರ್ಮರ್ ಎಷ್ಟು ಬಿಸಿಲು ತಡೆಯಬೇಕು ಎಂಬುದಕ್ಕೂ ಲೆಕ್ಕವಿದೆ. ಆ ಲೆಕ್ಕವನ್ನು ಮನುಷ್ಯರೇ ಒಂದೆಡೆ ಕೂತು ಬರೆದಿದ್ದಾರೆ.

ಈ ವಿಷಯದಲ್ಲಿ ಜಗತ್ತು ನೋಡುವ ಮಾನದಂಡ ಐಇಸಿ 60076. 1906ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ರೂಪಿಸಿದ್ದು. ಅದರ ಪ್ರಕಾರ ಮಾಮೂಲಿ ಹವೆ ಎಂದರೆ ಗಾಳಿಯ ಉಷ್ಣತೆ 40 ಡಿಗ್ರಿ ದಾಟಬಾರದು, ಅತಿ ಸೆಕೆಯ ತಿಂಗಳ ಸರಾಸರಿ 30 ಡಿಗ್ರಿ, ಇಡೀ ವರ್ಷದ ಸರಾಸರಿ 20 ಡಿಗ್ರಿ ಮೀರಬಾರದು. ವರ್ಷದ ಸರಾಸರಿ 20 ಡಿಗ್ರಿ ಬೇಕೆಂದರೆ ನಮ್ಮಲ್ಲಿ ಮಡಿಕೇರಿ ಕಡೆಗೇ ಹೋಗಬೇಕು. ಗುಜರಾತಿನ ವಡೋದರಾದಲ್ಲಿ ಅದು 27ರ ಆಸುಪಾಸು. ಮೇ ತಿಂಗಳ ಮಧ್ಯಾಹ್ನ ಅಲ್ಲಿ 40 ಡಿಗ್ರಿ ದಾಟಿದರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಏಳು ಡಿಗ್ರಿ ಏನು ಮಹಾ ಎನ್ನಬೇಡಿ. ಟ್ರಾನ್ಸ್‌ಫಾರ್ಮರಿನ ಒಳಗೆ ತಾಮ್ರದ ಸುರುಳಿಗೆ ಸುತ್ತಿರುವುದು ಕಾಗದ. ಅದರ ಆಯಸ್ಸೇ ಯಂತ್ರದ ಆಯಸ್ಸು. ಸುರುಳಿಯ ಅತಿ ಬಿಸಿ ಜಾಗ 98 ಡಿಗ್ರಿಯಲ್ಲಿದ್ದಾಗ ಕಾಗದ ಸವೆಯುವ ವೇಗವನ್ನು ಒಂದು ಎಂದು ಹಿಡಿದರೆ, ಸಾಮಾನ್ಯ ಕಾಗದದಲ್ಲಿ ಪ್ರತಿ ಆರು ಡಿಗ್ರಿ ಏರಿಕೆಗೆ ಅದು ಇಮ್ಮಡಿಯಾಗುತ್ತದೆ. ಉಳಿದೆಲ್ಲ ಹಾಗೇ ಇದ್ದು ಸುತ್ತಲಿನ ಗಾಳಿ ಮಾತ್ರ ಏಳು ಡಿಗ್ರಿ ಬಿಸಿಯಾದರೆ ಆಯಸ್ಸು ಅರ್ಧಕ್ಕಿಂತ ಕೆಳಗಿಳಿಯಿತು ಎಂದರ್ಥ. ನ್ಯಾಯವಾಗಿ ಹೇಳಬೇಕೆಂದರೆ ಮಾನದಂಡದಲ್ಲಿ ಇದಕ್ಕೆ ದಾರಿಯೂ ಇದೆ. ಕೊಳ್ಳುವವರು ತಮ್ಮ ಊರಿನ ಹವೆ ಹೆಚ್ಚು ಬಿಸಿ ಎಂದು ಮೊದಲೇ ತಿಳಿಸಬಹುದು, ಅದಕ್ಕೆ ತಕ್ಕಂತೆ ತಯಾರಕರು ವಿನ್ಯಾಸ ಬದಲಿಸಬೇಕು. ನಮ್ಮ ಟೆಂಡರುಗಳಲ್ಲಿ 50 ಡಿಗ್ರಿ ಎಂದು ಬರೆಯುವುದು ಅದಕ್ಕೇ. ಆದರೂ ಕೋಟ್ಯಂತರ ಜನ ಬದುಕುವ ಹವೆ ಆ ಪುಸ್ತಕದಲ್ಲಿ ವಿಶೇಷ ಪ್ರಕರಣವಾಗಿಯೇ ಉಳಿದಿದೆ.

ಇಂಥ ಅಂಕಿಗಳನ್ನು ಅಲ್ಲಾಡಿಸಬೇಕಾದರೆ ಅನುಭವ ಇದ್ದವರು ಮಾತಾಡಬೇಕು. ಆ ಅನುಭವ ಇರುವ ಜಾಗಗಳಲ್ಲಿ ಒಂದು ವಡೋದರಾದ ದಕ್ಷಿಣಕ್ಕಿರುವ ಮಕರಪುರ. ಅಲ್ಲಿನ ಜಿಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎರ್ಡಾ ಎಂಬ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. 1974ರಲ್ಲಿ ಆರಂಭವಾದದ್ದು, ಟ್ರಾನ್ಸ್‌ಫಾರ್ಮರು, ಕೇಬಲ್ಲು, ಮೀಟರುಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅದರ ಕಸುಬು. ಬೆಂಗಳೂರಿನಲ್ಲಿ 1960ರಿಂದ ಇರುವ ಸಿಪಿಆರ್‌ಐ ಮಾಡುವುದೂ ಇದೇ ಬಗೆಯ ಕೆಲಸ. ಮಕರಪುರದ ಪಕ್ಕದ ಮನೇಜಾದಲ್ಲಿ 800 ಕಿಲೋವೋಲ್ಟ್ ಡಿ.ಸಿ. ಮಾರ್ಗದ ದೈತ್ಯ ಟ್ರಾನ್ಸ್‌ಫಾರ್ಮರುಗಳು ತಯಾರಾಗುತ್ತವೆ. ಸುಟ್ಟ ಸುರುಳಿಯನ್ನು ಬಿಚ್ಚಿ, ಕಪ್ಪಾದ ಕಾಗದವನ್ನು ಬೆರಳಲ್ಲಿ ಮುಟ್ಟಿ ನೋಡಿದ ಎಂಜಿನಿಯರುಗಳು ಇಂಥ ಕಡೆಗಳಲ್ಲಿದ್ದಾರೆ.

ಅವರು ಮಾತಾಡಬೇಕಾದ ಸಭೆಗಳಲ್ಲಿ ದೊಡ್ಡದು ಪ್ಯಾರಿಸ್‌ನ ವಿದ್ಯುತ್ ತಜ್ಞರ ಸಂಸ್ಥೆ ಸಿಗ್ರೆಯದು. 1921ರಲ್ಲಿ ಹುಟ್ಟಿದ ಈ ಸಂಸ್ಥೆಯ ಮಹಾಧಿವೇಶನ ಸಾಮಾನ್ಯವಾಗಿ ಸಮಸಂಖ್ಯೆಯ ವರ್ಷಗಳ ಆಗಸ್ಟ್ ಕೊನೆಗೆ ನಡೆಯುತ್ತದೆ. ಸಿಗ್ರೆ ತಾನೇ ಮಾನದಂಡ ಬರೆಯುವುದಿಲ್ಲ, ಆದರೆ ಅದರ ತಾಂತ್ರಿಕ ವರದಿಗಳನ್ನು ಐಇಸಿ ಸಮಿತಿಗಳು ಮುಂದಿಟ್ಟುಕೊಂಡು ಚರ್ಚಿಸುತ್ತವೆ. ಟ್ರಾನ್ಸ್‌ಫಾರ್ಮರುಗಳದ್ದು ಎ2 ಅಧ್ಯಯನ ಸಮಿತಿ. ಭಾರತದಿಂದ ಪ್ರಬಂಧ ಹೋಗುವುದು ದೆಹಲಿಯ ಕೇಂದ್ರೀಯ ನೀರಾವರಿ ಮತ್ತು ವಿದ್ಯುತ್ ಮಂಡಳಿಯಲ್ಲಿರುವ ರಾಷ್ಟ್ರೀಯ ಸಮಿತಿಯ ಮೂಲಕ.

ಸಿಗ್ರೆ ಅಧಿವೇಶನದ ಪದ್ಧತಿ ನಮಗೆ ವಿಚಿತ್ರ ಎನಿಸಬಹುದು. ಗುಂಪು ಚರ್ಚೆಯಲ್ಲಿ ಪ್ರಬಂಧವನ್ನು ಯಾರೂ ಓದುವುದಿಲ್ಲ. ಬಂದವರೆಲ್ಲ ಓದಿಕೊಂಡೇ ಬಂದಿದ್ದಾರೆ ಎಂಬ ನಂಬಿಕೆ. ವಿಶೇಷ ವರದಿಗಾರ ಎಂಬ ಒಬ್ಬರು ಎಲ್ಲ ಪ್ರಬಂಧಗಳನ್ನೂ ಅರೆದು ಕುಡಿದು ಕೆಲವು ಪ್ರಶ್ನೆಗಳನ್ನು ಮೊದಲೇ ಪ್ರಕಟಿಸುತ್ತಾರೆ. ಉತ್ತರ ಇದ್ದವರು ಕೆಲವೇ ಸ್ಲೈಡುಗಳ ಪುಟ್ಟ ಟಿಪ್ಪಣಿ ಸಿದ್ಧಮಾಡಿ, ಮುಂಚೆಯೇ ತೋರಿಸಿ, ಸರದಿ ಬಂದಾಗ ಕೆಲವು ನಿಮಿಷ ಮಾತಾಡಿ ಕೂರಬೇಕು. ಅಷ್ಟಕ್ಕೆ ಪ್ಯಾರಿಸ್‌ವರೆಗೆ ಹೋಗಬೇಕೇ? ಕೊರೋನಾ ಕಾಲದಲ್ಲಿ, 2021ರ ಶತಮಾನೋತ್ಸವದ ಅಧಿವೇಶನವನ್ನೇ ಆನ್‌ಲೈನ್‌ನಲ್ಲಿ ನಡೆಸಿದರಲ್ಲ ಎಂದೂ ಕೇಳಬಹುದು. ಟಿಪ್ಪಣಿಗೆ ಪರದೆ ಸಾಕು, ಒಪ್ಪಿದೆ. ಆದರೆ ಚರ್ಚೆ ಮುಗಿದ ಮೇಲೆ ಕಾಫಿ ಹಿಡಿದುಕೊಂಡು ಬಂದು, ‘ನಿಮ್ಮ ಆ 46 ಡಿಗ್ರಿಯ ದಾಖಲೆ ಪೂರ್ತಿ ಇದೆಯಾ, ನಮ್ಮ ಕಾರ್ಯಗುಂಪಿಗೆ ಸೇರುತ್ತೀರಾ’ ಎಂದು ಕೇಳುವವರು ಪರದೆಯಲ್ಲಿ ಸಿಗುವುದಿಲ್ಲ. ವರದಿ ಬರೆಯುವ ಕೈಗಳು ಕೂಡುವುದು ಅಲ್ಲಿ.

ಇನ್ನು ಪ್ರಯಾಣ. ಆಹ್ವಾನ ಕೊಡುವವರೇ ಬೇರೆ, ಒಳಗೆ ಬಿಡುವವರೇ ಬೇರೆ ಎಂಬುದನ್ನು ಮೊದಲ ಸಲ ಹೊರಡುವವರು ಮರೆತುಬಿಡುತ್ತಾರೆ. ನಿಮ್ಮ ಪ್ರಬಂಧ ಎಷ್ಟೇ ಘನವಾಗಿರಲಿ, ವೀಸಾ ಅಧಿಕಾರಿ ಅದನ್ನು ತೂಗುವುದಿಲ್ಲ. ಈತ ಹೇಳಿದ ಕಾರಣಕ್ಕೇ ಬರುತ್ತಿದ್ದಾನೆಯೇ, ಖರ್ಚಿಗೆ ಹಣವಿದೆಯೇ, ಮುಗಿದ ಮೇಲೆ ಊರಿಗೆ ಮರಳುತ್ತಾನೆಯೇ ಎಂಬುದಷ್ಟೇ ಅವರ ಪರೀಕ್ಷೆ. ಹಾಗಾಗಿ ಕಡತದಲ್ಲಿ ಸಂಘಟಕರ ಪತ್ರದ ಜೊತೆ ಕಂಪನಿಯ ರಜೆ ಮಂಜೂರಾತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಎಲ್ಲವೂ ಇರಬೇಕು. ಬೆರಳಚ್ಚು ಕೊಡಲು ವಡೋದರಾದವರು ಅಹಮದಾಬಾದಿನ ವಿಎಫ್‌ಎಸ್ ವೀಸಾ ಅರ್ಜಿ ಕೇಂದ್ರಕ್ಕೆ ಹೋಗುತ್ತಾರೆ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80ರಿಂದ 90 ಯೂರೋ ಆಯಿತು. ಅರ್ಜಿ ತಿರಸ್ಕಾರವಾದರೆ ಆ ಹಣ ಹೋಯಿತು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೂ ಎಳೆಯಬಹುದು.

ದಕ್ಷಿಣದವರಿಗೆ ಇನ್ನೊಂದು ಫಜೀತಿ ಹೆಸರಿನದು. ಪ್ರಬಂಧದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಆಹ್ವಾನ ಪತ್ರದಲ್ಲಿ ಊರ ಹೆಸರೇ ಸರ್‌ನೇಮ್. ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಕೌಂಟರಿನ ಆಚೆಗಿರುವವರಿಗೆ ಗೊತ್ತಿಲ್ಲ. ಸಂಘಟಕರಿಗೆ ಪಾಸ್‌ಪೋರ್ಟಿನ ಪುಟವನ್ನೇ ಕಳಿಸಿ, ಅಕ್ಷರಕ್ಕೆ ಅಕ್ಷರ ಹಾಗೇ ಬರೆಸಿಕೊಳ್ಳುವುದು ಲೇಸು.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಭಾಷಣಕ್ಕೆ ಗೌರವಧನ ಕೊಡುತ್ತಾರೆಂದರೆ ಇನ್ನೂ ಸೂಕ್ಷ್ಮ. ಬ್ರಿಟನ್ 2024ರ ಜನವರಿ 31ರಿಂದ ಸಾಮಾನ್ಯ ಸಂದರ್ಶಕ ವೀಸಾದಲ್ಲೇ ಸಂಭಾವನೆಯ ಭಾಷಣಕ್ಕೆ ಅವಕಾಶ ಕೊಟ್ಟಿದೆ. ಮೊದಲೇ ಗೊತ್ತುಮಾಡಿಕೊಂಡಿರಬೇಕು, ಬಂದ 30 ದಿನಗಳೊಳಗೆ ಮುಗಿಸಬೇಕು. ಅಮೆರಿಕದ ಬಿ1 ವೀಸಾದಲ್ಲಿ ಸಮ್ಮೇಳನಕ್ಕೆ ಹೋಗಬಹುದು, ಆದರೆ ಗೌರವಧನ ಪಡೆಯಲು ಸಂಸ್ಥೆ ವಿಶ್ವವಿದ್ಯಾಲಯದಂಥದ್ದಾಗಿರಬೇಕು, ಒಂದೆಡೆ ಒಂಬತ್ತು ದಿನ ಮೀರಬಾರದು, ಆರು ತಿಂಗಳಲ್ಲಿ ಐದಕ್ಕಿಂತ ಹೆಚ್ಚು ಕಡೆ ಪಡೆಯಬಾರದು.

ಇಷ್ಟೆಲ್ಲ ತೊಡಕು ಹೊಸದೇನಲ್ಲ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದೇಶ ಪ್ರಯಾಣ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎನ್ನುವವರೆಗೆ ನಮ್ಮ ಪಾಸ್‌ಪೋರ್ಟೇ ಸರ್ಕಾರದ ಮರ್ಜಿಯಲ್ಲಿತ್ತು. ಅದರ ಮರುವರ್ಷವೇ ಅಹಮದಾಬಾದಿನ ವಿಕ್ರಮ್ ಸಾರಾಭಾಯಿ 1968ರ ಆಗಸ್ಟ್‌ನಲ್ಲಿ ವಿಯೆನ್ನಾದ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮ್ಮೇಳನದ ವೈಜ್ಞಾನಿಕ ಅಧ್ಯಕ್ಷರಾಗಿ ಕೂತರು. ಅವರ ಶಿಷ್ಯ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ದುಡಿದು ಬೆಳೆದವರು. 1999ರಲ್ಲಿ ಅದೇ ವಿಯೆನ್ನಾದಲ್ಲಿ ಮೂರನೇ ಸಮ್ಮೇಳನದ ಅಧ್ಯಕ್ಷರಾದರು. ನಡುವೆ 1975-76ರಲ್ಲಿ ಅಮೆರಿಕದ ಉಪಗ್ರಹದಿಂದ ದೇಶದ 2,400 ಹಳ್ಳಿಗಳಿಗೆ ಟಿ.ವಿ. ಬಂತು. ರಾಯಚೂರು, ವಿಜಯಪುರ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡದಲ್ಲೇ ಕಾರ್ಯಕ್ರಮ ಬಂತು. ಆ ಉಪಗ್ರಹ ಬಳಸುವ ಒಪ್ಪಂದ ಕುದುರಿದ್ದು ಬರೀ ಪತ್ರವ್ಯವಹಾರದಿಂದಲ್ಲ ಎಂಬುದು ನನ್ನ ಅಂದಾಜು.

ಸಾರಾಭಾಯಿ ಅವರಂಥವರಿಗೆ ಬಾಗಿಲು ಹೇಗೂ ತೆರೆಯುತ್ತಿತ್ತು. ಕಷ್ಟ ಇರುವುದು ಮಕರಪುರದ ಪರೀಕ್ಷಾಲಯದಲ್ಲಿರುವ, ಒಂದೂ ಮುದ್ರೆ ಬೀಳದ ಪಾಸ್‌ಪೋರ್ಟಿನ ಎಂಜಿನಿಯರಿಗೆ. ಭಾರತೀಯರಿಗಾಗಿ 2024ರ ಏಪ್ರಿಲ್‌ನಲ್ಲಿ ಬಂದ ಷೆಂಗೆನ್ ನಿಯಮವನ್ನೇ ನೋಡಿ: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು. ಒಳ್ಳೆಯ ನಿಯಮವೇ. ಆದರೆ ಹೋಗಿಬಂದವರಿಗೆ ಹಾದಿ ಸಲೀಸಾಗುತ್ತ ಹೋಗುತ್ತದೆ, ಹೋಗದವರಿಗೆ ಮೊದಲ ಹೆಜ್ಜೆಯೇ ಕಡಿದಾದದ್ದು. ಕಂಪನಿಗಳಿಗೂ ವೀಸಾ ಇರುವ ಮಾರ್ಕೆಟಿಂಗ್ ಸಾಹೇಬರನ್ನೇ ಕಳಿಸುವುದು ಸುಲಭ. ಪ್ರಬಂಧ ಬರೆದವರು ಲ್ಯಾಬಿನಲ್ಲಿ ಉಳಿಯುತ್ತಾರೆ. ಪ್ಯಾರಿಸ್‌ನಲ್ಲಿ ಪ್ರಶ್ನೆ ಬಂದರೆ ‘ಮೇಲ್ ಮಾಡಿ ತಿಳಿಸುತ್ತೇವೆ’ ಎಂಬ ಉತ್ತರ. ಇಬ್ಬರ ಹೆಸರಿರುವ ಪ್ರಬಂಧವಾದರೆ ಕಿರಿಯರನ್ನು ಕಳಿಸಬೇಕು ಎಂಬುದು ನನ್ನ ಪಕ್ಷ. ಹಿರಿಯರಿಗೆ ಇನ್ನೊಂದು ಮುದ್ರೆಯಿಂದ ಆಗುವ ಲಾಭ ಕಡಿಮೆ.

ತಡಕ್ಕೆಲ್ಲ ರಾಯಭಾರ ಕಚೇರಿಯನ್ನು ದೂರುವುದು ರೂಢಿ. ಆದರೆ ಆಗಸ್ಟ್ ಕೊನೆಯ ಅಧಿವೇಶನಕ್ಕೆ ಫೆಬ್ರುವರಿ ಕೊನೆಯಿಂದಲೇ ವೀಸಾ ಅರ್ಜಿ ಹಾಕಬಹುದು. ನಾನು ಕಂಡಂತೆ ನಮ್ಮ ಕಚೇರಿಗಳಲ್ಲಿ ಪ್ರಯಾಣದ ಕಡತ ಹಣಕಾಸು ವಿಭಾಗದ ಮೇಜು ದಾಟಿ ಸಹಿಯಾಗಿ ಬರುವಷ್ಟರಲ್ಲಿ ಜುಲೈ ಬಂದಿರುತ್ತದೆ. ಆ ಹೊತ್ತಿಗೆ ಯೂರೋಪಿಗೆ ಪ್ರವಾಸ ಹೊರಟವರ ಸಾಲು ವಿಎಫ್‌ಎಸ್ ಬಾಗಿಲಲ್ಲಿ ಬೆಳೆದಿರುತ್ತದೆ, ಬೆರಳಚ್ಚಿನ ಸ್ಲಾಟೂ ಸಿಗುವುದಿಲ್ಲ.