ಹಳೆಯ ಕಟ್ಟಡದ ಮುಂಬೈ ಲೆಕ್ಕ ಜಪಾನಿನಲ್ಲಿ ನಡೆಯದು

ಮುಂಬೈಯಲ್ಲಿ ನಾಲ್ಕು ದಶಕ ಬಾಳಿದ ನಮ್ಮವರಿಗೆ ಹಳೆಯ ಕಟ್ಟಡವೆಂದರೆ ಆಸೆ. ಗೋಡೆ ಬಿರುಕು ಬಿಟ್ಟರೂ ಚಿಂತೆಯಿಲ್ಲ. ಇಂದಲ್ಲ ನಾಳೆ ಬಿಲ್ಡರ್ ಬರುತ್ತಾನೆ, ಹೆಚ್ಚುವರಿ ಎಫ್‌ಎಸ್‌ಐಯಲ್ಲಿ ಲಾಭ ಮಾಡಿಕೊಂಡು ನಮಗೆ ಹೊಸ ಫ್ಲ್ಯಾಟು ಪುಕ್ಕಟೆ ಕೊಡುತ್ತಾನೆ. ಅದೇ ಕಣ್ಣಿನಿಂದ ಈಗ ಕೆಲವರು ಜಪಾನನ್ನು ನೋಡುತ್ತಿದ್ದಾರೆ. ಠಾಣೆಯಲ್ಲಿರುವ ನನ್ನ ಷಡ್ಡಕರು ನಿವೃತ್ತಿಯ ಹಣದಲ್ಲಿ ಟೋಕಿಯೊ ಹೊರವಲಯದ ಹಳೆಯ ಫ್ಲ್ಯಾಟು ಕೊಳ್ಳುವ ಯೋಚನೆಯಲ್ಲಿದ್ದಾರೆ. “60 ಲಕ್ಷ ಯೆನ್, ಅಂದರೆ ನಮ್ಮ 35 ಲಕ್ಷ. ಠಾಣೆಯಲ್ಲಿ ಇಷ್ಟಕ್ಕೆ ಏನು ಬರುತ್ತೆ, ನೀವೇ ಹೇಳಿ” ಎಂದರು. ಏನೂ ಬರುವುದಿಲ್ಲ, ನಿಜ. ಆದರೂ ಬೇಡ ಎಂದೆ.

ಕಾನೂನಿನ ಅಡ್ಡಿ ಏನಿಲ್ಲ. ಅಲ್ಲಿ ವಿದೇಶಿಯರೂ ಪೂರ್ಣ ಒಡೆತನದಲ್ಲಿ ಮನೆ ಕೊಳ್ಳಬಹುದು. ವೀಸಾ ಬೇಕಿಲ್ಲ, ಮನೆ ಕೊಂಡರೆ ವೀಸಾ ಸಿಗುವುದೂ ಇಲ್ಲ. ನಮ್ಮ ರಿಸರ್ವ್ ಬ್ಯಾಂಕು ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಹೊರಗೆ ಕಳಿಸಲು ಬಿಡುತ್ತದೆ. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ ಹಿಡಿಯುತ್ತದೆ, ಅದನ್ನು ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಬಾಡಿಗೆಯ ಲೆಕ್ಕ ನೋಡೋಣ. ತಿಂಗಳಿಗೆ 50,000 ಯೆನ್ ಬಂತೆನ್ನಿ; ವರ್ಷಕ್ಕೆ 6 ಲಕ್ಷ, ಅಂದರೆ 10%. ದಲ್ಲಾಳಿ ಇಲ್ಲಿಗೇ ನಿಲ್ಲಿಸುತ್ತಾನೆ. ಮೇಂಟೆನೆನ್ಸ್ ಮತ್ತು ದುರಸ್ತಿ ನಿಧಿ ಸೇರಿ ತಿಂಗಳಿಗೆ 25,000 ಎಂದಿಟ್ಟರೆ ಅರ್ಧ ಹೋಯಿತು. ಆಸ್ತಿ ತೆರಿಗೆ, ಬಾಡಿಗೆ ವಸೂಲಿ ಮಾಡುವ ಏಜೆನ್ಸಿ, ಮನೆ ಖಾಲಿ ಬೀಳುವ ದಿನಗಳು ಕಳೆದರೆ ಉಳಿಯುವುದು ಮೂರೂವರೆ ಶೇಕಡಾ. ಅದೂ ಆದಾಯ ತೆರಿಗೆಗೆ ಮುಂಚೆ, ಅದೂ ಯೆನ್‌ನಲ್ಲಿ. ನಮ್ಮ ಬ್ಯಾಂಕಿನ ಎಫ್‌ಡಿಯೇ ಇದಕ್ಕಿಂತ ವಾಸಿ.

ದುರಸ್ತಿ ನಿಧಿ ಎಂದರೆ ನಮ್ಮ ಸೊಸೈಟಿಗಳ ಸಿಂಕಿಂಗ್ ಫಂಡ್. ಕಟ್ಟಡಕ್ಕೆ ವಯಸ್ಸಾದಂತೆ ಅದು ಏರುತ್ತದೆ. ಹದಿಮೂರು-ಹದಿನೈದು ವರ್ಷಕ್ಕೊಮ್ಮೆ ದೊಡ್ಡ ದುರಸ್ತಿ, ನಿಧಿ ಸಾಲದಿದ್ದರೆ ಮಾಲೀಕರೇ ತುಂಬಬೇಕು. ಹಿಂದಿನ ಮಾಲೀಕ ಬಾಕಿ ಇಟ್ಟಿದ್ದರೆ ಕಾನೂನಿನ ಪ್ರಕಾರ ಅದು ಕೊಂಡವನ ತಲೆಗೇ. 1981ರ ಜೂನ್ 1ಕ್ಕೆ ಮೊದಲು ಅನುಮತಿ ಪಡೆದ ಕಟ್ಟಡವಾದರೆ ಅದು ಹಳೆಯ ಭೂಕಂಪ ನಿಯಮದ್ದು. ಅಗ್ಗ ಸಿಗುವುದೇ ಅದಕ್ಕೆ.

ಇನ್ನು ರೀಡೆವಲಪ್‌ಮೆಂಟ್. ಮಹಾರಾಷ್ಟ್ರದ ಸೊಸೈಟಿಗೆ 51% ಒಪ್ಪಿಗೆ ಸಾಕು. ಜಪಾನಿನಲ್ಲಿ ಐದರಲ್ಲಿ ನಾಲ್ಕು ಪಾಲು ಬೇಕು. ಭೂಕಂಪ ತಡೆಯಲಾರದಂಥ ಕಟ್ಟಡಗಳಿಗೆ ಅದನ್ನು ಮುಕ್ಕಾಲಿಗೆ ಇಳಿಸುವ ತಿದ್ದುಪಡಿ 2025ರಲ್ಲಷ್ಟೇ ಆಯಿತು. ಟೋಕಿಯೊದ ಪಶ್ಚಿಮಕ್ಕಿರುವ ತಾಮಾ ನ್ಯೂ ಟೌನ್‌ನಲ್ಲಿ, ಲಿಫ್ಟಿಲ್ಲದ ಐದು ಮಹಡಿಗಳ 640 ಮನೆಗಳ ಸಂಕೀರ್ಣವೊಂದನ್ನು ಕೆಡವಿ 2013ರಲ್ಲಿ 1,249 ಮನೆ ಕಟ್ಟಿದರು. ಎಲ್ಲರೂ ತೋರಿಸುವ ಉದಾಹರಣೆ ಇದು. ಹೆಚ್ಚುವರಿ ಮನೆಗಳಿಗೆ ಗಿರಾಕಿ ಸಿಕ್ಕಿದ್ದರಿಂದ ಅದು ನಡೆಯಿತು. ಜನಸಂಖ್ಯೆ ಕರಗುತ್ತಿರುವ, 2023ರ ಸಮೀಕ್ಷೆಯಲ್ಲಿ 90 ಲಕ್ಷ ಮನೆ ಖಾಲಿ ಇದ್ದ ದೇಶದ ದೂರದ ಉಪನಗರದಲ್ಲಿ ಆ ಗಿರಾಕಿ ಎಲ್ಲಿಂದ ಬರಬೇಕು? ಗಿರಾಕಿ ಇಲ್ಲದಿದ್ದರೆ ಹೊಸ ಕಟ್ಟಡದ ಖರ್ಚು ಹಳೆಯ ಮಾಲೀಕರದ್ದೇ. ಅವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದ ಪಿಂಚಣಿದಾರರಾದರೆ ಹಣವೂ ಇಲ್ಲ, ಒಪ್ಪಿಗೆಯೂ ಇಲ್ಲ.

ಆ ಊರಲ್ಲೇ ಕೆಲಸ ಮಾಡಿ, ಜಪಾನಿ ಕಲಿತು, ಅಲ್ಲೇ ವಾಸಕ್ಕೆಂದು ಕೊಳ್ಳುವ ನಮ್ಮ ಹುಡುಗರ ಮಾತು ಬೇರೆ. ಅವರು ಸಭೆಗೆ ಹೋಗಬಲ್ಲರು, ದುರಸ್ತಿ ಯೋಜನೆಯ ಕಾಗದ ಓದಬಲ್ಲರು. ಠಾಣೆಯಲ್ಲಿ ಕೂತವರಿಗೆ ಇವೆರಡೂ ಆಗದು.

ಷಡ್ಡಕರ ಕೊನೆಯ ವಾದ, “ಮಕ್ಕಳಿಗಾದರೂ ಆಗುತ್ತೆ” ಎಂಬುದು. ಆ ಮಕ್ಕಳನ್ನು ಒಮ್ಮೆ ಕೇಳಬೇಕು. 2024ರ ಏಪ್ರಿಲಿನಿಂದ ಜಪಾನಿನಲ್ಲಿ ಪಿತ್ರಾರ್ಜಿತ ಆಸ್ತಿಯನ್ನು ಮೂರು ವರ್ಷದೊಳಗೆ ನೋಂದಾಯಿಸುವುದು ಕಡ್ಡಾಯ, ತಪ್ಪಿದರೆ ದಂಡ. ಬೇಡದ ಜಮೀನನ್ನು ಸರ್ಕಾರಕ್ಕೆ ಒಪ್ಪಿಸುವ ಯೋಜನೆ ಇದೆ. ಕಟ್ಟಡವಿರುವ ಆಸ್ತಿಗೆ ಅದು ಅನ್ವಯಿಸದು. ಮಾರಾಟವಾಗುವ ತನಕ ತಿಂಗಳ ಮೇಂಟೆನೆನ್ಸ್ ಅವರ ಹೆಸರಿಗೆ ಬರುತ್ತಲೇ ಇರುತ್ತದೆ.