ಕಾರು ನಿಮ್ಮದು, ಬ್ಯಾಟರಿ ಯಾರದ್ದು?

2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಎಲೆಕ್ಟ್ರಿಕ್ ಕಾರು ಬಂದಾಗ ಸುದ್ದಿಯಾಗಿದ್ದು 9.99 ಲಕ್ಷ ರೂಪಾಯಿ ಅನ್ನೋ ಬೆಲೆ. ಅದು ಬ್ಯಾಟರಿ ಬಿಟ್ಟು. ಬ್ಯಾಟರಿಗೆ ಕಿಲೋಮೀಟರ್‌ಗೆ 3.50 ರೂಪಾಯಿ ಬಾಡಿಗೆ, ಚಾರ್ಜಿಂಗ್ ಖರ್ಚು ಬೇರೆ. ಬ್ಯಾಟರಿ ಸಮೇತ ಆರಂಭಿಕ ಬೆಲೆ 13.50 ಲಕ್ಷ ಇತ್ತು.

ವ್ಯತ್ಯಾಸ 3.51 ಲಕ್ಷ. ಅಂದರೆ ಒಂದು ಲಕ್ಷ ಕಿ.ಮೀ. ಓಡುವಷ್ಟರಲ್ಲಿ ಬಾಡಿಗೆ ಆ ಮೊತ್ತವನ್ನು ಮುಟ್ಟುತ್ತೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸೋರಿಗೆ ಎಂಟು ವರ್ಷ ದಾಟುತ್ತೆ. ಸಾಲದ ಬಡ್ಡಿ ಸೇರಿಸಿದರೆ ಅವರಿಗೆ ಬಾಡಿಗೆಯೇ ವಾಸಿ. ಎರಡು ಸಾವಿರ ಓಡಿಸೋರಿಗೆ ನಾಲ್ಕೇ ವರ್ಷ. ಪೆಟ್ರೋಲ್ ಬಿಟ್ಟು ಹೆಚ್ಚು ಉಳಿಸಬೇಕಾದವರೇ ಇಲ್ಲಿ ಹೆಚ್ಚು ಕಟ್ಟುತ್ತಾರೆ.

ದುಡ್ಡಿಗಿಂತ ದೊಡ್ಡ ಪ್ರಶ್ನೆ ಹಿಡಿತದ್ದು. ಜರ್ಮನಿಯಲ್ಲಿ ರೆನೋ ಗುಂಪಿನ ಬ್ಯಾಂಕ್ ಬ್ಯಾಟರಿ ಬಾಡಿಗೆಗೆ ಕೊಡುವಾಗ, ಒಪ್ಪಂದ ರದ್ದಾದರೆ ದೂರದಿಂದಲೇ ಚಾರ್ಜಿಂಗ್ ಲಾಕ್ ಮಾಡುವ ಷರತ್ತು ಹಾಕಿತ್ತು. ಕಾರು ಗ್ರಾಹಕರದ್ದೇ, ಆದರೆ ಓಡಲ್ಲ. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಆ ಷರತ್ತು ಅಸಿಂಧು ಎಂದಿತು.

ಸಹಿ ಹಾಕುವ ಮುಂಚೆ ಕೇಳಿ: ಕಂತು ತಪ್ಪಿದರೆ ಬ್ಯಾಟರಿ ಆಫ್ ಮಾಡೋ ಅಧಿಕಾರ ಯಾರಿಗಿದೆ? ಒಬ್ಬೊಬ್ಬರೇ ಒಪ್ಪಂದ ಓದಿ ಬಚಾವಾಗೋ ವಿಷಯ ಇದಲ್ಲ. ಉತ್ತರ ಕಾನೂನಿನಲ್ಲೇ ಸ್ಪಷ್ಟವಾಗಿ ಇರಬೇಕು.